ಟೈಲರಮ್ಮನ ಎರಡು ನಿಮಿಷ

ನಾನು ಒಬ್ಬರ ದವಡೆ ಹಲ್ಲನ್ನು ಅರ್ಧ ಕೊರೆದಿದ್ದೆ. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ನನ್ನ ಹೆಂಡತಿ ಒಳಗೆ ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ರೀ, ಎಲ್ಲಾ ಮುಗೀತು. ಶಾಸಕರ ಭೇಟಿ ರದ್ದಾಗಿದೆ. ರದ್ದು ಮಾಡಿಸಿದ್ದು ನಾವೇ ಅಂತೆ!"

ನಾನು ಉತ್ತರಿಸುವ ಮೊದಲೇ ಕುರ್ಚಿಯಲ್ಲಿದ್ದವರು ತೆರೆದ ಬಾಯಲ್ಲೇ "ಆಂ?" ಎಂದರು. ಹೇಗೋ ಅವರ ಹಲ್ಲು ತುಂಬಿಸಿ ಕಳಿಸಿ, ಮೆಟ್ಟಿಲು ಹತ್ತಿದೆ.

ಮೂರು ಮಹಡಿಯ ಆ ಮನೆ ನಮ್ಮ ಅತ್ತೆಯವರದು. ಕೆಳಗೆ ನನ್ನ ಹಲ್ಲಿನ ಕ್ಲಿನಿಕ್ಕು, ನಡುವೆ ಹೆಂಡತಿ ನಡೆಸುವ ಕಿವಿ ಕೇಳದವರ ಸಂಸ್ಥೆ, ಮೇಲೆ ನಮ್ಮ ವಾಸ. ಮನೆ ಅಳಿಯ ಎಂದು ಛೇಡಿಸುವವರಿಗೆ ನಾನು ಹೇಳುವುದಿಷ್ಟೇ: ಇಂಥ ಅತ್ತೆ ಸಿಗುವುದಾದರೆ ಬಾಡಿಗೆ ಕೊಟ್ಟಾದರೂ ಇರಬೇಕು. ಅವರು ಹೆಡ್‌ಮಿಸ್ಸಾಗಿ ನಿವೃತ್ತರಾದವರು. "ಯಾರು ಮಾಡಿದ್ದು?" ಎಂದು ಜೀವಮಾನವಿಡೀ ಮಕ್ಕಳನ್ನು ಕೇಳಿ ಕೇಳಿ, ಈಗ ಕೇಳದೆಯೇ ಉತ್ತರ ತಿಳಿಯುವ ಹಂತ ತಲುಪಿದ್ದರು. ಬೀದಿಯಲ್ಲಿ ಸೈಕಲ್ ಕಳುವಾದರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು.

ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಸನ್ನೆ ಭಾಷೆ ಬಲ್ಲ ಒಬ್ಬರಾದರೂ ಇರಬೇಕು ಎಂಬ ಕಾನೂನಿಗಾಗಿ ನನ್ನ ಹೆಂಡತಿ ವರ್ಷಗಟ್ಟಲೆ ಚಪ್ಪಲಿ ಸವೆಸಿದ್ದಳು. ಕೊನೆಗೂ ಒಬ್ಬ ಶಾಸಕರು ಆ ದಿನ ಸಂಜೆ ಭೇಟಿಗೆ ಒಪ್ಪಿದ್ದರು. ಮರುದಿನ ಅಧಿವೇಶನ ಮುಗಿಯುತ್ತಿತ್ತು. ಅಂದು ತಪ್ಪಿದರೆ ಮುಂದಿನ ವರ್ಷದ ಮಾತು.

ಭೇಟಿಗೆ ತಯಾರಿ ಮಾಡಿಸಲೆಂದೇ ಒಬ್ಬ ತರಬೇತುದಾರ ಬಂದಿದ್ದ. ಶಾಸಕರು ನಮಗೆ ಕೊಡುವುದು ಎರಡೇ ನಿಮಿಷ ಎಂದು ಉಸಿರಿಗೊಮ್ಮೆ ಹೇಳುತ್ತಿದ್ದುದರಿಂದ ನಾವು ಅವನನ್ನು 'ಎರಡ್ನಿಮಿಷ' ಎಂದೇ ಕರೆಯುತ್ತಿದ್ದೆವು. ಮನುಷ್ಯ ಚುರುಕು. "ಶಾಸಕರು 'ನೋಡೋಣ' ಅಂದ್ರೆ 'ಎದ್ದು ಹೋಗಿ' ಅಂತ ಅರ್ಥ. ಎದ್ದರೆ ಕೆಟ್ರಿ! ಅಲ್ಲೇ ಕೂತು 'ಯಾವಾಗ?' ಅಂತ ಒಂದೇ ಮಾತು ಕೇಳಬೇಕು," ಎಂದು ಅವನು ಕಲಿಸಿದ್ದು ನನಗೆ ಬಹಳ ಹಿಡಿಸಿತ್ತು.

ತಾಲೀಮಿನಲ್ಲಿ ಶಾಸಕರ ಪಾತ್ರ ಅತ್ತೆಯವರದು. ಗಡಿಯಾರ ನೋಡುವುದು, ಆಕಳಿಸುವುದು, ನಡುವೆ ಫೋನು ತೆಗೆಯುವುದು, ಎಲ್ಲವನ್ನೂ ಅವರು ಎಷ್ಟು ಸಹಜವಾಗಿ ಮಾಡುತ್ತಿದ್ದರೆಂದರೆ ನನಗೇ ಸಿಟ್ಟು ಬರುತ್ತಿತ್ತು. ಎದುರು ಕೂತು ತನ್ನ ಕತೆ ಹೇಳಬೇಕಾದವರು ಟೈಲರಮ್ಮ. ಪಕ್ಕದ ಬಡಾವಣೆಯಲ್ಲಿ ಬಟ್ಟೆ ಹೊಲಿಯುವ ಆಕೆಗೆ ಕಿವಿ ಕೇಳಿಸದು, ಮಾತಾಡಿದ್ದನ್ನು ಯಾರೂ ಕಂಡವರಿಲ್ಲ, ಅಕ್ಷರವೆಂದರೆ ತನ್ನ ಹೆಸರು ಬರೆಯುವಷ್ಟೇ. ಕಾಗದಪತ್ರ, ಓಡಾಟದಲ್ಲೇ ಮುಳುಗಿದ್ದ ನನ್ನ ಹೆಂಡತಿಗೂ ಸನ್ನೆ 'ಊಟ ಆಯ್ತಾ' ಎನ್ನುವಷ್ಟೇ ಬರುತ್ತಿತ್ತು; ಆಕೆ ಕೈಯಲ್ಲಿ ಹೇಳಿದ್ದನ್ನು ನಮಗೆ ಬಾಯಲ್ಲಿ ಹೇಳುವವಳು ಸಂಸ್ಥೆಯ ದುಭಾಷಿ. ಆ ವಾರ ಅವಳಿಗೆ ವಿಪರೀತ ನೆಗಡಿ.

ಕೊನೆಯ ತಾಲೀಮು ಹಿಂದಿನ ಸಂಜೆ ನಡೆದಿತ್ತು. ಅದಕ್ಕೆ ಮೊದಲು ಎಲ್ಲರೂ ಟೀ ಕುಡಿಯುತ್ತಿದ್ದಾಗ ನಾನು ಹೆಂಡತಿಯ ಕಿವಿಯಲ್ಲಿ, "ಮೊನ್ನೆ ಅತ್ತೆ ಮುಂದೆ ನಾನೂ ಅತ್ತೆ. ಇವತ್ತು ಕರ್ಚೀಫು ತಂದಿದೀನಿ," ಎಂದು ಪಿಸುಗುಟ್ಟಿದೆ. ಅವಳು ನಗಲಿಲ್ಲ. ಆದರೆ ಸಂಸ್ಥೆಯ ಹಾಲಿನ ಆ ತುದಿಯಲ್ಲಿ ಒಂದು ಚೌಕಳಿ ಅಂಗಿಗೆ ಗುಂಡಿ ಹಾಕುತ್ತಿದ್ದ ಟೈಲರಮ್ಮ ನನ್ನತ್ತ ನೋಡಿ ಮುಗುಳ್ನಕ್ಕರು. ಆ ಗಮನದಲ್ಲೇ ಸೂಜಿ ಚುಚ್ಚಿಸಿಕೊಂಡು "ಅಮ್ಮಾ!" ಎಂದು ಬೆರಳು ಬಾಯಿಗಿಟ್ಟುಕೊಂಡರು.

ಆಮೇಲೆ ಅತ್ತೆ ಒಂದು ಬದಲಾವಣೆ ಮಾಡಿದರು. ಅಲ್ಲಿಯವರೆಗೆ ಟೈಲರಮ್ಮನ ಹಿಂದೆ ಓರೆಯಾಗಿ, ಅವರ ಕೈ ಮಾತ್ರ ಕಾಣುವಂತೆ ಕೂರುತ್ತಿದ್ದ ದುಭಾಷಿಯನ್ನು, "ನನಗೆ ಇಬ್ಬರ ಮುಖಾನೂ ಕಾಣಬೇಕು, ಬಾರಮ್ಮ ಈ ಕಡೆ," ಎಂದು ತಮ್ಮ ಪಕ್ಕಕ್ಕೆ ಕರೆದು ಟೈಲರಮ್ಮನಿಗೆ ಎದುರಾಗಿ ಕೂರಿಸಿದರು.

ಟೈಲರಮ್ಮನ ಕೈಗಳು ಆಡತೊಡಗಿದವು. ದುಭಾಷಿ ಮೂಗೇರಿಸುತ್ತಾ ಹೇಳಿದಳು: "ನನ್ನ ಗಂಡನಿಗೂ ಕಿವಿ ಕೇಳಿಸಲ್ಲ. ಗೋದಾಮಿನಲ್ಲಿ ಮೂಟೆ ಹೊರುವಾಗ ಹೊಟ್ಟೆನೋವು ಬಂದು ಆಸ್ಪತ್ರೆಗೆ ಹೋದರು. ಅವರು ತೋರಿಸಿದ್ದು ಅಲ್ಲಿಯವರಿಗೆ ತಿಳಿಯಲಿಲ್ಲ. ಕುಡಿದಿದ್ದಾನೆ ಅಂದುಕೊಂಡು ಹೊರಗಿನ ಬೆಂಚಿನ ಮೇಲೆ ಕೂರಿಸಿದರು." ಇಲ್ಲಿ ಟೈಲರಮ್ಮ ತಮ್ಮ ಭುಜವನ್ನು ತಾವೇ ತಟ್ಟಿಕೊಂಡರು, ತನಗೆ ತಾನೇ ಸಮಾಧಾನ ಹೇಳಿಕೊಂಡಂತೆ. ಆಮೇಲೆ ಎರಡೂ ಅಂಗೈಗಳನ್ನು ಮಡಿಲಿನಿಂದ ಮೇಲಕ್ಕೆ, ಭುಜದವರೆಗೆ, ನಿಧಾನವಾಗಿ ಎತ್ತಿದರು. ದುಭಾಷಿ ಹೇಳಿದಳು: "ಆ ಬೆಂಚಿನ ಮೇಲೇ ನನ್ನ ಗಂಡ ಹೋಗಿಬಿಟ್ಟರು."

ಆ ಕೈಗಳಲ್ಲಿ ಜೀವ ಮೇಲಕ್ಕೆ ಹಾರಿಹೋಗುವುದನ್ನೇ ಕಂಡೆನೆಂದು ನಾನು ಕರ್ಚೀಫು ತೆಗೆದೆ. ಆದರೆ ಟೈಲರಮ್ಮ ದುಭಾಷಿಯ ಮುಖವನ್ನೇ ದಿಟ್ಟಿಸುತ್ತಾ ಮತ್ತೆ ಕೈಯಾಡಿಸಿದರು, ಈ ಸಲ ರಭಸದಿಂದ, ತೋಳು ಬೀಸಿ. "ಏನಂತೆ?" ಎಂದಳು ನನ್ನ ಹೆಂಡತಿ. ದುಭಾಷಿ ತರಬೇತುದಾರನ ಕಡೆ ನೋಡಿ, "ಹೆದರಿಕೆ ಆಗ್ತಿದೆಯಂತೆ," ಎಂದಳು. ತಾಲೀಮು ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಈ ಸುದ್ದಿ. ನಾನು ಮೇಲೆ ಹೋದಾಗ ಅತ್ತೆಯವರು ಸಂಸ್ಥೆಯ ಮೊಬೈಲಿನಲ್ಲಿ ಶಾಸಕರ ಆಪ್ತ ಸಹಾಯಕನೊಡನೆ ಮಾತಾಡುತ್ತಿದ್ದರು. ನಮಗೂ ಕೇಳಿಸಲೆಂದು ಸ್ಪೀಕರ್ ಹಾಕಿದ್ದರು.

"ನಿಮ್ಮ ಇದೇ ನಂಬರಿಂದ ನಿನ್ನೆ ಸಂಜೆ ಫೋನ್ ಬಂತು ಮೇಡಂ," ಎಂದನಾತ. "ಹೆಂಗಸಿನ ದನಿ. 'ನಾಳೆ ನಾವು ಬರಲ್ಲ, ಕ್ಷಮಿಸಿ' ಅಂದ್ರು. ಯಾರು, ಯಾಕೆ ಅಂತ ನಾನು ಕೇಳ್ತಾನೇ ಇದೀನಿ, ನನ್ನ ಮಾತಿನ ಮೇಲೇ ಅದನ್ನೇ ಇನ್ನೊಂದ್ಸಲ ಹೇಳಿ ಇಟ್ಟುಬಿಟ್ರು. ಗಂಟಲು ಕಟ್ಟಿದ ಹಾಗಿತ್ತು, ನೆಗಡಿ ಇರಬೇಕು."

"ಈಗೇನು ಮಾಡೋಣಪ್ಪ?"

"ತಮ್ಮೊಳಗೇ ಒಮ್ಮತ ಇಲ್ಲದವರನ್ನ ಸಾಹೇಬ್ರ ಮುಂದೆ ಕೂರಿಸೋಕಾಗಲ್ಲ ಮೇಡಂ. ಯಾರು, ಯಾಕೆ ಅಂತ ಮಧ್ಯಾಹ್ನದೊಳಗೆ ಹೇಳಿ. ಅಲ್ಲೀವರೆಗೂ ಆ ಹೊತ್ತನ್ನ ಬೇರೆಯವರಿಗೆ ಕೊಡಲ್ಲ."

ಮೊಬೈಲು ಸದಾ ಹಾಲಿನ ಮೇಜಿನ ಮೇಲೇ ಬಿದ್ದಿರುವಂಥದ್ದು, ಅದಕ್ಕೆ ಬೀಗವೂ ಇಲ್ಲ. "ನೆಗಡಿ ಅಂದ್ಮೇಲೆ ಇನ್ನೇನು ಅತ್ತೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ದುಭಾಷೀನೇ," ಎಂದೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಕಂಡೂ ಇಲ್ಲ, ಬರೀ ಕೇಳಿದ್ರಿ ಅಳಿಯಂದ್ರೇ," ಎಂದರು ಅತ್ತೆ. "ಎಲ್ಲರನ್ನೂ ಕರೆಸಿ. ಕುರ್ಚಿಗಳು ನಿನ್ನೆ ಇದ್ದ ಹಾಗೇ ಇರಲಿ. ನನ್ನದನ್ನ ಮಾತ್ರ ಕಿಟಕಿಗೆ ಎದುರಾಗಿ ಹಾಕಿ, ಬೆಳಕು ನನ್ನ ಮುಖದ ಮೇಲೆ ಬೀಳಬೇಕು."

ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಅವರು ಹೇಳುವುದೂ ಇಲ್ಲ.

ಹತ್ತು ಗಂಟೆಗೆಲ್ಲ ಎಲ್ಲರೂ ಸೇರಿದೆವು. ಅತ್ತೆಯವರು ದುಭಾಷಿಗೆ, "ನೀನು ಈಗ ಕೈ ಕಟ್ಟಿ ಕೂತ್ಕೊಳಮ್ಮ," ಎಂದು ಹೇಳಿ ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ ಮಾತು ಶುರುಮಾಡಿದರು.

"ಕರೆ ಮಾಡಿದ್ದು ಹೆಂಗಸು. ಇಲ್ಲಿರೋ ಹೆಂಗಸರು ನಾಲ್ವರು, ನನ್ನನ್ನೂ ಸೇರಿಸಿ. ಎಲ್ಲರ ಅನುಮಾನ ದುಭಾಷಿ ಮೇಲೆ. ಆದರೆ ಕರೆ ಮಾಡಿದವರು ಆ ಸಹಾಯಕ ಮಾತಾಡ್ತಿದ್ದಾಗ ಅವನ ಮಾತಿನ ಮೇಲೇ ಮಾತಾಡಿದರು. ಇನ್ನೊಬ್ಬರು ಬಾಯಿ ತೆರೆದ ತಕ್ಷಣ ತಾನು ನಿಲ್ಲಿಸೋದು ದುಭಾಷಿಯ ಕಸುಬು. ಸೀನು ಬಂದಾಗಲೂ ಅವಳು ಎದುರಿನವರ ಮಾತು ಮುಗಿಯೋವರೆಗೆ ತಡೀತಾಳೆ, ನಾನು ನೋಡಿದೀನಿ. ಅವಳಲ್ಲ."

ದುಭಾಷಿ ಮೂಗು ಒರೆಸಿಕೊಂಡು ತಲೆ ತಗ್ಗಿಸಿದಳು.

"ನನ್ನ ಮಗಳು ಈ ಭೇಟಿಗಾಗಿ ಊಟ ಬಿಟ್ಟವಳು. ಅವಳಲ್ಲ. ನಾನಂತೂ ಅಲ್ಲ. ಹಾಗಾದರೆ, ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಡದೆ, ಹೇಳಬೇಕಾದ್ದನ್ನ ಎರಡು ಸಲ ಹೇಳಿ ಇಟ್ಟವರು ಯಾರು? ಒರಟುತನ ಅನ್ನೋಣ ಅಂದ್ರೆ 'ಕ್ಷಮಿಸಿ' ಅಂದಿದಾರೆ. ಅವರಿಗೆ ಪ್ರಶ್ನೆ ಕೇಳಿಸಲೇ ಇಲ್ಲ."

"ಅಮ್ಮ!" ಎಂದಳು ನನ್ನ ಹೆಂಡತಿ. "ಟೈಲರಮ್ಮನಿಗೆ ಮಾತೇ ಬರಲ್ಲ. ಇನ್ನು ಫೋನಲ್ಲಿ ಆ ಕಡೆ ಎತ್ತಿದ್ದು ಹೇಗೆ ಗೊತ್ತಾಗುತ್ತೆ?"

"ಎತ್ತಿದ ಕ್ಷಣದಿಂದ ಮೊಬೈಲಿನ ಮುಖದ ಮೇಲೆ ಸೆಕೆಂಡು ಓಡುತ್ತಲ್ಲ ಪುಟ್ಟೀ, ಅದನ್ನ ನೋಡೋಕೆ ಕಿವಿ ಬೇಕಾಗಿಲ್ಲ. ನಂಬರು ಹುಡುಕೋಕೆ ಅಕ್ಷರಾನೂ ಬೇಕಾಗಿಲ್ಲ, ಈ ವಾರವೆಲ್ಲ ನೀನು ಇವರೆದುರೇ ಆ ಸಹಾಯಕನಿಗೆ ಫೋನ್ ಮಾಡ್ತಿದ್ದೆ, ಮೊಬೈಲಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಅದೇ ನಂಬರು. ಮಾತಿನ ವಿಷಯಕ್ಕೆ ಬಾ. ನಿನ್ನೆ ಸೂಜಿ ಚುಚ್ಚಿದಾಗ ಅವರು 'ಅಮ್ಮಾ' ಅಂದ್ರು, ನಿನ್ನಷ್ಟೇ ಸ್ಪಷ್ಟವಾಗಿ. ಯೋಚಿಸಿ ಅಂದ ಮಾತಲ್ಲ ಅದು, ಚಿಕ್ಕಂದಿನಲ್ಲಿ ಕಿವಿಯಿಂದ ಕಲಿತ ಮಾತು ತಾನಾಗಿ ಹೊರಗೆ ಬಂತು. ಇವರು ಹುಟ್ಟಿನಿಂದ ಕಿವುಡರಲ್ಲ. ಜೊತೆಗೆ ಅಳಿಯಂದ್ರು ಪಿಸುಗುಟ್ಟಿದ ಹಳಸಲು ಹಾಸ್ಯಕ್ಕೆ ದೂರದಲ್ಲಿದ್ದ ಇವರು ನಕ್ಕರು. ಇವರು ತುಟಿ ಓದ್ತಾರೆ."

ನಾನು ನಾಲಿಗೆ ಕಚ್ಚಿಕೊಂಡೆ. ಹಳಸಲು ಎಂದದ್ದು ಕೊಂಚ ಹೆಚ್ಚಾಯಿತೆಂದು ಈಗಲೂ ನನ್ನ ಅಭಿಪ್ರಾಯ.

"ಇನ್ನು ಯಾಕೆ ಅನ್ನೋದು. ತಾಲೀಮು ಎಷ್ಟೋ ದಿನದಿಂದ ನಡೀತಿತ್ತು, ಕರೆ ಹೋಗಿದ್ದು ನಿನ್ನೆ ಸಂಜೆ. ನಿನ್ನೆ ಹೊಸದಾಗಿ ಆಗಿದ್ದು ಒಂದೇ, ನಾನು ದುಭಾಷಿ ಕುರ್ಚಿ ಸರಿಸಿದ್ದು. ಅಲ್ಲೀವರೆಗೆ ಬೆನ್ನ ಹಿಂದೆ ಇದ್ದ ತುಟಿ ನಿನ್ನೆ ಎದುರಿಗೆ ಬಂತು. ತನ್ನ ಕೈ ಹೇಳಿದ್ದೊಂದು, ಆ ಬಾಯಿ ಆಡಿದ್ದೊಂದು ಅಂತ ಇವರಿಗೆ ಆಗ ಗೊತ್ತಾಯ್ತು. 'ಹೆದರಿಕೆಯಂತೆ' ಅಂದಳು ದುಭಾಷಿ. ನಾನು ಸಾವಿರಾರು ಮಕ್ಕಳನ್ನ ಹೆದರಿಸಿದೋಳು. ಹೆದರಿದವರ ಕೈ ಮುದುಡುತ್ತೆ. ಇವರ ಕೈ ಹಾಲಿನ ಅಗಲಕ್ಕೂ ಬೀಸ್ತಿತ್ತು. ಅದು ಹೆದರಿಕೆ ಅಲ್ಲ, ಸಿಟ್ಟು."

ತರಬೇತುದಾರ ಕುರ್ಚಿಯಲ್ಲಿ ಮಿಸುಕಾಡಿದ. ಅತ್ತೆ ಅವನನ್ನು ನೋಡಲೇ ಇಲ್ಲ.

"ಇವರು ಗುಂಡಿ ಹಾಕ್ತಿದ್ದ ಅಂಗಿ ನೆನಪಿದೆಯಾ? ಗಿರಾಕಿಗಳ ಬಟ್ಟೆಗೆ ಟೈಲರುಗಳು ಚೀಟಿ ಚುಚ್ಚಿರ್ತಾರೆ. ಅದಕ್ಕೆ ಇರಲಿಲ್ಲ. ಮೂಟೆ ಹೊತ್ತು ಹೊತ್ತು ಭುಜದ ಮೇಲೆ ಸವೆದ ಅಂಗಿ. ಸತ್ತವರ ಅಂಗೀನ ನೆನಪಿಗೆ ಇಟ್ಕೋತಾರೆ, ಸರಿ. ಆದರೆ ಅದರ ಕಾಲರಿನಲ್ಲಿ ಹೊಸ ಬೆವರಿನ ಕಲೆ ಇತ್ತು." ಅತ್ತೆಯವರು ಟೈಲರಮ್ಮನ ಕಡೆ ಪೂರ್ತಿ ತಿರುಗಿದರು. ಕಿಟಕಿಯ ಬೆಳಕು ಅವರ ತುಟಿಗಳ ಮೇಲಿತ್ತು. "ಹೇಳಬೇಕು ಅನ್ನಿಸಿದರೆ ಮಾತ್ರ ಹೇಳಿ ತಾಯೀ. ನಿಮ್ಮ ಯಜಮಾನರು ಹೇಗಿದಾರೆ?"

ಟೈಲರಮ್ಮ ಸೆರಗಿನ ತುದಿಯನ್ನು ಹಿಡಿದುಕೊಂಡರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಬಂದ ದನಿ ದಪ್ಪಗೆ, ಏರಿಳಿತವಿಲ್ಲದೆ, ಮೂಗಿನಿಂದ ಹೊರಟಂತಿತ್ತು. ಒಂದೊಂದು ಮಾತನ್ನೂ ಎತ್ತಿ ಎತ್ತಿ ಇಡುತ್ತಿದ್ದರು.

"ಚೆನ್ನಾಗಿದಾರೆ. ಬದುಕಿದಾರೆ. ಬೆಂಚಿನ ಮೇಲೆ ಕೂತಿದ್ರು, ಒಬ್ಬ ನರ್ಸಮ್ಮ ಬಂದು ಭುಜ ತಟ್ಟಿದ್ಲು. ಅವಳಿಗೆ ಅರ್ಥ ಆಯ್ತು. ಆಪರೇಷನ್ ಆಯ್ತು. ಎದ್ದು ಕೂತ್ರು. ನಾನು ಹೇಳಿದ್ದು ಅದು. ಇವರು ದಿನಾ ನನ್ನ ಗಂಡನ್ನ ಸಾಯಿಸ್ತಿದ್ರು."

ಹಾರಿಹೋದ ಜೀವವೆಂದು ನಾನು ಅತ್ತಿದ್ದೆನಲ್ಲ, ಅದು ಒಬ್ಬ ಗಂಡಸು ಹಾಸಿಗೆಯಿಂದ ಎದ್ದು ಕೂತದ್ದು.

"ನಮಗೆ ಯಾಕೆ ಹೇಳಲಿಲ್ಲ?" ಎಂದಳು ನನ್ನ ಹೆಂಡತಿ, ಅಳುತ್ತಾ.

"ಹೇಳಿದೆ. 'ಹೆದರಿಕೆ' ಅಂದ್ಲು ಅವಳು. ನಾನು ಏನು ಹೇಳಿದರೂ ಅವಳೇ ತಾನೆ ಹೇಳಬೇಕು? ನಾನು ಬರದಿದ್ರೂ ಸುಳ್ಳು ಹೇಳ್ತಿದ್ರಿ. ಅದಕ್ಕೆ ಫೋನ್ ಮಾಡಿದೆ. ಜ್ವರ ಬಂದು ಕಿವಿ ಹೋದಾಗ ನಂಗೆ ಎಂಟು ವರ್ಷ. ದನಿ ಕೆಟ್ಟದಾಗಿದೆ ಅಂತ ಎಲ್ಲಾ ನಗ್ತಿದ್ರು. ಬಿಟ್ಟುಬಿಟ್ಟೆ. ನಿನ್ನೆನೇ ಮತ್ತೆ."

ದುಭಾಷಿ ಬಿಕ್ಕುತ್ತಾ ತರಬೇತುದಾರನತ್ತ ಕೈ ತೋರಿಸಿದಳು. "ಹಾಗೇ ಹೇಳು ಅಂತ ಇವರು ಹೇಳಿಕೊಟ್ರು. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ."

"ಎರಡು ನಿಮಿಷಕ್ಕೆ ಸಾವೇ ಬೇಕಾಗುತ್ತೆ ಮೇಡಂ," ಎಂದ ತರಬೇತುದಾರ, ಬೆವರು ಒರೆಸಿಕೊಳ್ಳುತ್ತಾ. "ಬದುಕಿದವರ ಕತೆಗೆ ಶಾಸಕರು ಫೋನ್ ಕೆಳಗಿಡಲ್ಲ."

"ನಾಳೆ ಒಬ್ಬ ಪತ್ರಕರ್ತ ಇವರ ಮನೆ ಬಾಗಿಲು ತಟ್ಟಿ, ಸತ್ತ ಗಂಡನೇ ಬಾಗಿಲು ತೆಗೆದಿದ್ದರೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಈ ಕಾನೂನೂ ಅದರ ಜೊತೆಗೇ ಹೋಗ್ತಿತ್ತು. ನಮ್ಮನ್ನ ಉಳಿಸಿದ್ದು ಆ ಫೋನು," ಎಂದು ಅತ್ತೆಯವರು ಮೊಬೈಲು ಎತ್ತಿಕೊಂಡು ಆಪ್ತ ಸಹಾಯಕನಿಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಆತ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಸಂಜೆ ಬನ್ನಿ ಮೇಡಂ. ಅವರನ್ನೂ ಕರ್ಕೊಂಡು ಬನ್ನಿ," ಎಂದ.

ಶಾಸಕರ ಕೊಠಡಿಯಲ್ಲಿ ಎಲ್ಲವೂ ತಾಲೀಮಿನಂತೆಯೇ ಇತ್ತು, ಆಕಳಿಕೆಯೂ ಸೇರಿ. ತರಬೇತುದಾರ ಬಂದಿರಲಿಲ್ಲ. ದುಭಾಷಿ ಈ ಸಲ ಕೈ ಹೇಳಿದ್ದನ್ನಷ್ಟೇ ಹೇಳಿದಳು. ಗಂಡ ಬದುಕಿದ ಕತೆ ಮುಗಿಯುವಾಗ ಶಾಸಕರ ಬೆರಳು ಫೋನಿನ ಮೇಲೆ ಆಡುತ್ತಿತ್ತು.

"ಒಳ್ಳೇದಾಯ್ತಲ್ಲಮ್ಮ, ಗಂಡ ಉಳಿದ್ರು. ನೋಡೋಣ," ಎಂದರು.

ನನ್ನ ಹೆಂಡತಿಯ ಮುಖ ಬಾಡಿತು. ಅಷ್ಟೂ ಕಲಿತಿದ್ದ ನಾನು ಅರ್ಧ ಎದ್ದುಬಿಟ್ಟಿದ್ದೆ. ಟೈಲರಮ್ಮ ಮಾತ್ರ ಅಲುಗಲಿಲ್ಲ. ಅವರು ಆ ತುಟಿಗಳನ್ನೇ ನೋಡುತ್ತಿದ್ದರು.

"ಯಾವಾಗ?"

ಆ ದನಿ ಕೊಠಡಿಯ ಗಾಜನ್ನೆಲ್ಲ ಮುಟ್ಟಿ ಬಂತು. ಶಾಸಕರು ಬೆಚ್ಚಿ ತಲೆಯೆತ್ತಿದರು.

"ನರ್ಸಮ್ಮ ರಜದಲ್ಲಿ ಇದ್ದಿದ್ರೆ?" ಎಂದರು ಟೈಲರಮ್ಮ, ಅದೇ ದನಿಯಲ್ಲಿ. "ಯಾವಾಗ?"

ಶಾಸಕರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಆಮೇಲೆ ಸಹಾಯಕನ ಕಡೆ ತಿರುಗಿ, "ಬರ್ಕೊಳ್ರಿ. ನಾಳೆ ಬೆಳಿಗ್ಗೆ ಸದನದಲ್ಲಿ ಮೊದಲು ಇದೇ," ಎಂದರು. ಅತ್ತೆಯವರ ಮುಖ ನೋಡಿದೆ. ಜೀವಮಾನದಲ್ಲಿ ಯಾರೆದುರೂ ಬೆರಗಾಗದ ಆ ಹೆಂಗಸಿನ ಕಣ್ಣು ತುಂಬಿತ್ತು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ, ಗುಂಡಿಯೆಲ್ಲ ಸರಿಯಾಗಿದ್ದ ಚೌಕಳಿ ಅಂಗಿ ತೊಟ್ಟು ಒಬ್ಬರು ಕಾಯುತ್ತಾ ಕೂತಿದ್ದರು. ಟೈಲರಮ್ಮ ಅವರ ಮುಂದೆ ನಿಂತು ಭುಜ ತಟ್ಟಿದರು. ಆಮೇಲೆ ಎರಡೂ ಅಂಗೈಗಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿದರು. ಈ ಸಲ ನನಗೆ ದುಭಾಷಿ ಬೇಕಾಗಲಿಲ್ಲ. ಅವರು ನಗುತ್ತಾ ಎದ್ದು ನಿಂತರು.