ಅಂಚಿನಲ್ಲಿ ಬರೆದವನು

"ಪುಸ್ತಕಾನ ತಿನ್ನಾಕ ಒಯ್ದಿದ್ರೇನ್ರೀ? ಮೂರು ತಿಂಗಳ ಮ್ಯಾಲಾತು!"

ಟಿಳಕವಾಡಿಯ ಗ್ರಂಥಾಲಯದಲ್ಲಿ ಮೇಜಿನ ಹಿಂದೆ ಕೂತಿದ್ದ ನಸೀಬಾ ತಲೆಯೆತ್ತದೆ ಕೇಳಿದಳು. ಕಾರ್ಡಿನ ಮೇಲಿನ ಹೆಸರು ಓದಿದ ಮೇಲೆ ಅವಳ ನಗು ಇಳಿಯಿತು. ಅದು ಖಾನಾಪುರದ ಮುಖಂಡ ಉಳವಪ್ಪನವರ ಹೆಸರು. ಆಗಸ್ಟಿನಲ್ಲಿ ಜೀಪು ಉರುಳಿ ಅವರು ತೀರಿಕೊಂಡಿದ್ದರು.

"ಮಾಫ್ ಮಾಡ್ರಿ. ನೀವು?"

"ಕಲಂದರ. ಸಾಹೇಬ್ರ ಕಡೆ ಕಾರಕೂನ ಇದ್ದೆ."

ಅದು ಎಂಬತ್ನಾಲ್ಕರ ನವೆಂಬರ್. ದಿಲ್ಲಿಯಲ್ಲಿ ಪ್ರಧಾನಿಯನ್ನು ಗುಂಡಿಟ್ಟು ಕೊಂದು ಎರಡು ವಾರವಾಗಿತ್ತು. ರೇಡಿಯೋ ಅಳುವುದನ್ನು ಆಗಷ್ಟೇ ನಿಲ್ಲಿಸಿತ್ತು. ಕಲಂದರನ ಕಿವಿಗೆ ಮಾತ್ರ ಬಿಡುವಿರಲಿಲ್ಲ. ಖಾನಾಪುರದಲ್ಲಿ ಬಸ್ಸು ಹತ್ತಿದರೆ ಸಾಕು, ಹಿಂದಿನ ಸೀಟಿನಲ್ಲಿ ಉಳವಪ್ಪನವರು ಕೆಮ್ಮಿದಂತಾಗುತ್ತಿತ್ತು. ತಿರುಗಿ ನೋಡಲು ಧೈರ್ಯ ಬರುತ್ತಿರಲಿಲ್ಲ.

ನಸೀಬಾ ಪುಸ್ತಕ ತೆರೆದಳು. ರಟ್ಟು ಹರಿದ ಹಳಗನ್ನಡ ಕಾವ್ಯ. ದೊರೆ ಕಾಳಗದಲ್ಲಿ ಮಡಿದ ದಿನವೂ ಲಾಯದ ಆಳು ಅಳುತ್ತಲೇ ಕುದುರೆಗಳಿಗೆ ನೀರು ಕುಡಿಸುವ ಪದ್ಯ. ಅಂಚಿನಲ್ಲಿ ಪೆನ್ಸಿಲಿನ ಗುಂಡು ಅಕ್ಷರ: 'ಅಳುವವನ ಕೈಗೊಂದು ಕೆಲಸ ಕೊಟ್ಟಿದ್ದಾನೆ. ಕವಿ ದೊಡ್ಡ ಕರುಣಾಳು.'

"ಗ್ರಂಥಾಲಯದ ಪುಸ್ತಕದಾಗ ಬರೀಬಾರದು. ಆದ್ರ ಉಳವಪ್ಪನವ್ರ ಅಕ್ಷರ ಅಳಸಾಕ ನನಗ ಮನಸ ಬಂದಿಲ್ಲ," ಎಂದಳು. ಕಣ್ಣು ತುಂಬಿತ್ತು. "ನಾಕ ವರ್ಷ ಅವ್ರು ತಿರುಗಿ ಕಳಿಸಿದ್ದನ್ನೆಲ್ಲಾ ಮೊದಲ ನಾನ ಓದ್ತಿದ್ದೆ. ಹಿಂಗ ಬರಿಯೋ ಮನಷ್ಯಾನ ಒಮ್ಮೆನೂ ನೋಡಾಕ ಆಗಲಿಲ್ಲ."

ಆ ಅಕ್ಷರ ಕಲಂದರನದು! ಉಳವಪ್ಪನವರ ಭಾಷಣ ಬರೆದುಕೊಡುತ್ತಿದ್ದವನು ಅವನೇ. ಅದಕ್ಕೆಂದು ಅವರ ಕಾರ್ಡಿನ ಮೇಲೆ, ಜೀಪಿನ ಡ್ರೈವರನ ಕೈಯಲ್ಲಿ ಪುಸ್ತಕ ತರಿಸಿ ಓದುತ್ತಿದ್ದವನೂ ಅವನೇ. 'ಇದು ನಮ್ಮಿಬ್ಬರಾಗ ಇರಲಿ, ತಮ್ಮಾ' ಎಂದಿದ್ದರು ಅವರು. ಅವನು ಮಾತು ಕೊಟ್ಟಿದ್ದ. ಈಗ ಹೇಳಿದರೆ ಸತ್ತವರ ಹೆಸರಿಗೆ ಮಸಿ. ಹೇಳದಿದ್ದರೆ ಈ ಹುಡುಗಿ ಅವನೆದುರೇ ಕೂತು ಇನ್ನೊಬ್ಬರನ್ನು ಹಂಬಲಿಸುತ್ತಾಳೆ.

ಅಂದು ಬಾಯಿ ಬಿಡಲಿಲ್ಲ. ಆದರೆ ಪ್ರತಿ ಶನಿವಾರ ಬಂದ. ಅವನು ಪದ್ಯ ಬಿಡಿಸಿ ಓದುತ್ತಿದ್ದ, ಅವಳು ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಸಾವಿರ ವರ್ಷದ ಹಿಂದೆಯೂ ಜನ ದೊರೆಯನ್ನು ಕಳೆದುಕೊಂಡು ಅತ್ತಿದ್ದರು, ಅತ್ತು ಮತ್ತೆ ಒಲೆ ಹಚ್ಚಿದ್ದರು. ಅಷ್ಟು ತಿಳಿದದ್ದಕ್ಕೇ ಎದೆ ಹಗುರಾಗುತ್ತಿತ್ತು. ಓದುವಷ್ಟು ಹೊತ್ತು ಕೆಮ್ಮೂ ಕೇಳಿಸುತ್ತಿರಲಿಲ್ಲ. ಅವಳ ಸೆರಗು ಹಾಳೆಯ ಮೇಲೆ ಜಾರಿದರೆ ಅವನು ಸಾಲು ತಪ್ಪುತ್ತಿದ್ದ. ಅವಳು ಬೇಕಂತಲೇ ತಡವಾಗಿ ಎಳೆದುಕೊಳ್ಳುತ್ತಿದ್ದಳು.

"ಎಲ್ಲಿ ನೋಡಾಕತ್ತೀರಿ? ಪದ್ಯ ಇಲ್ಲೈತಿ."

"ಗೊತ್ತೈತ್ರಿ."

ಡಿಸೆಂಬರಿನ ಒಂದು ಶನಿವಾರ ಅವಳು ತಣ್ಣಗೆ ಹೇಳಿದಳು: "ಮನ್ಯಾಗ ಮದುವಿ ಮಾತು ತಗದಾರ. ನಾ ಒಲ್ಲೆ ಅಂದೆ."

"ಯಾಕ್ರೀ?"

"ನೀವು ಛಲೋ ಓದ್ತೀರಿ, ಖರೇ. ಆದ್ರ ಅಂಚಿನ್ಯಾಗ ಇವನ್ನ ಬರದವ್ರು ನನ್ನ ಮನಸ್ಸು ಬಿಟ್ಟು ಹೋಗವಲ್ರು. ಇನ್ನೊಬ್ಬರಿಗೆ ಅದ್ರಾಗ ಜಾಗಾ ಹ್ಯಾಂಗ ಕೊಡ್ಲಿ?"

ಅವನ ಬೆನ್ನ ಹಿಂದೆ ಕೆಮ್ಮು. ಗ್ರಂಥಾಲಯದಲ್ಲೂ!

ಕಲಂದರ ಮೊದಲ ಸಲ ತಿರುಗಿ ನೋಡಿದ. ಬೆಂಚು ಖಾಲಿ ಇತ್ತು. ಮಾಫ್ ಮಾಡ್ರಿ ಸಾಹೇಬ್ರ, ಎಂದು ಆ ಖಾಲಿ ಬೆಂಚಿಗೇ ಮನಸ್ಸಿನಲ್ಲಿ ಹೇಳಿದ.

"ಅದು ನನ್ನ ಅಕ್ಷರ, ನಸೀಬಾ," ಎಂದು ಒಂದನ್ನೂ ಬಿಡದೆ ಹೇಳಿಬಿಟ್ಟ.

ಅವಳ ಮುಖ ಬಿಳಿಚಿತು. "ಹಂಗಾದ್ರ ಇಷ್ಟ ದಿನ ನಾ ಯಾರಿಗೆ ಅತ್ತೆ?"

"ಅವ್ರಿಗೇ. ನಾನೂ ಅವ್ರಿಗೇ ಅತ್ತೀನಿ. ಬರದಾಂವ ನಾ ಇರಬಹುದು. ಮಂದಿ ಮುಂದ ನಿಂತು ಅದನ್ನ ಹೇಳೋ ಎದಿ ಅವ್ರದಿತ್ತು."

ಅವಳು ಪುಸ್ತಕ ಮುಚ್ಚಿ ಬದಿಗಿಟ್ಟಳು. ಕಲಂದರ ಎದ್ದು ನಿಂತ.

"ಕುಂದರ್ರಿ. ಸತ್ತವ್ರ ಮ್ಯಾಲೆ ಸಿಟ್ಟ ಮಾಡಾಕ ಬರಂಗಿಲ್ಲ. ಎಲ್ಲಾ ನಿಮ್ಮ ಮ್ಯಾಲೆ ಮಾಡಾಕಿ ನಾ."

"ಮಾಡ್ರಿ."

"ಒಂದ ದಿನದಾಗ ತೀರೋ ಸಿಟ್ಟಲ್ಲ ಇದು. ಇಡೀ ಆಯುಷ್ಯ ಬೇಕಾಗ್ತೈತಿ." ಅವಳು ಪುಸ್ತಕವನ್ನು ಅವನ ಕಡೆ ಸರಿಸಿದಳು. "ನಿಮ್ಮ ಅಮ್ಮಾನ್ನ ನಮ್ಮ ಮನಿಗೆ ಕಳಸ್ರಿ."