ತಕ್ಕಡಿ ಮುಳ್ಳು ನಿಲ್ಲುವವರೆಗೆ

ಗಣಿತ ಪುಸ್ತಕಗಳ ಮೊದಲನೆಯ ಸೆಟ್ಟಿಗೆ ಹೋದದ್ದು ಹದಿನೆಂಟು ಪ್ಯಾಂಟುಗಳ ಕಾಲು ಮಡಚಿ ಹೊಲಿದ ಕೂಲಿ. ಎರಡನೆಯದಕ್ಕೆ ಹನ್ನೊಂದು ಜಿಪ್ಪು, ಜೊತೆಗೆ ಒಂದು ಹೋಟೆಲಿನ ಅಷ್ಟೂ ಕಿಟಕಿ ಪರದೆ. ಮೂರನೆಯದು ಪುಸ್ತಕವೇ ಅಲ್ಲ, ತಿಂಗಳ ಬಾಡಿಗೆಯ ವಿಡಿಯೋ ಪಾಠ. ಅದಕ್ಕೆ ತಿಂಗಳಿಗೆ ಎರಡು ಕೋಟುಗಳಿಗೆ ಲೈನಿಂಗ್ ಹೊಲಿದ ಕೂಲಿ. ಟೈಲರಮ್ಮ ಬೆಲೆ ಕಟ್ಟುವುದೇ ಹೀಗೆ. ಖರ್ಚಾದ ಕಣ್ಣೀರನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದರಲ್ಲಿ ಅರ್ಧ ಮಗುವಿನದು, ಅರ್ಧ ಅವಳದೇ.

ಮಗು ಎಂದರೆ ಅಕ್ಕನ ಮಗಳು, ಹನ್ನೊಂದು ವರ್ಷದವಳು. ಲೆಕ್ಕ ಹತ್ತಿದರೆ ಮೂಗಿನಲ್ಲೇ ಗುಂಯ್ ಎನ್ನುತ್ತಾಳೆಂದು ಮನೆಯಲ್ಲಿ ಅವಳಿಗೆ ಜೀರುಂಡೆ ಎಂದೇ ಹೆಸರು. ಅಕ್ಕ ತೀರಿಕೊಂಡು ಐದು ವರ್ಷ. ಭಾವ ಸೇತುವೆ ಕಟ್ಟುವ ಕೆಲಸದವರು, ಒಂದು ಕಡೆ ನಿಲ್ಲುವವರಲ್ಲ. ಕಾಯಿಲೆ ಬಿದ್ದು ಒಂದೂವರೆ ವರ್ಷ ಶಾಲೆ ತಪ್ಪಿಸಿಕೊಂಡ ಹುಡುಗಿ, ಚಿಕ್ಕ ಮಕ್ಕಳ ಜೊತೆ ಕೂರುವುದಿಲ್ಲ ಎಂದು ಹಟ ಹಿಡಿದಾಗ, "ಹಾಗಾದ್ರೆ ನಾನೇ ಕಲಿಸ್ತೀನಿ ಬಿಡಿ" ಎಂದವಳು ಚಿಕ್ಕಮ್ಮ. ಆ ಮಾತಿಗೆ ಮೂರು ವರ್ಷ. ನಡುವೆ ಎರಡು ಸಂಬಂಧ ಬಂದಿದ್ದವು. ಮಗುವನ್ನು ಅದರ ಅಪ್ಪನ ಹತ್ತಿರ ಕಳಿಸಿಬಿಟ್ಟರೆ ಆಗದೇ ಎಂದು ಇಬ್ಬರೂ ಕೇಳಿದರು. ಇಬ್ಬರಿಗೂ ಅವಳು ಬಾಗಿಲವರೆಗೆ ಬಂದು ಚಪ್ಪಲಿ ತೋರಿಸಿಕೊಟ್ಟಳು, ಮರ್ಯಾದೆಯಿಂದಲೇ.

ಈಗ ಭಾವನ ಫೋನು ಬಂದಿತ್ತು.

"ನೀನು ಮಾಡಿದ್ದು ಕಮ್ಮಿ ಅಂತಲ್ಲಮ್ಮ. ಆದ್ರೆ ಆಲ್ಜೀಬ್ರಾ ಹೊಲಿಗೆ ಅಲ್ಲ ನೋಡು. ಲೈಬ್ರರಿ ಮಹಡೀಲಿ ಮನೇಲಿ ಓದೋ ಮಕ್ಕಳಿಗೆ ಕ್ಲಾಸ್ ಶುರುವಾಗುತ್ತಂತೆ. ಸೇರೋಕೆ ಪರೀಕ್ಷೆ ಇದೆ. ಇಪ್ಪತ್ತಕ್ಕೆ ಹದಿನೈದು ಬಂದ್ರೆ ನಿನ್ನ ಹತ್ರಾನೇ ಇರ್ಲಿ. ಇಲ್ದಿದ್ರೆ ಹಾಸ್ಟೆಲ್ ಶಾಲೆಗೆ ಸೇರಿಸಿಬಿಡ್ತೀನಿ."

ಪರೀಕ್ಷೆಗೆ ಮೂರು ತಿಂಗಳಿತ್ತು. ಅವಳು ಮೂರು ಸೆಟ್ಟುಗಳನ್ನೂ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕುಳಿತಳು. ಮೊದಲನೆಯದರಲ್ಲಿ ಚಿತ್ರ, ಕಥೆ, ವಿವರಣೆ ಎಲ್ಲವೂ ಚೆಂದ. ಅಭ್ಯಾಸಕ್ಕೆ ಲೆಕ್ಕಗಳೇ ಇಲ್ಲ. ಎರಡನೆಯದರಲ್ಲಿ ಪುಟಕ್ಕೆ ಇಪ್ಪತ್ನಾಲ್ಕು ಲೆಕ್ಕ. ಯಾಕೆ ಹಾಗೆ ಎಂದು ಒಂದು ಸಾಲೂ ಇಲ್ಲ. ವಿಡಿಯೋದ ಮೇಷ್ಟ್ರು ಸರಿಯಿದ್ದರೂ ನಗುತ್ತಿದ್ದ, ತಪ್ಪಿದ್ದರೂ ನಗುತ್ತಿದ್ದ. ಸಿದ್ಧ ಉಡುಪು ಯಾರ ಮೈಗೂ ಪೂರಾ ಹೊಂದುವುದಿಲ್ಲ ಎಂಬುದು ಅವಳಿಗೆ ಕಸುಬು ಕಲಿಸಿದ ಪಾಠ. ಅದನ್ನೇ ಇಲ್ಲೂ ಮಾಡಿದಳು. ಮೊದಲ ಪುಸ್ತಕದ ಮೈಗೆ ಎರಡನೆಯದರ ತೋಳು ಹಚ್ಚಿದಳು: ವಿವರಣೆ ಇದರದು, ಅಭ್ಯಾಸ ಅದರದು, ಅದೂ ಒಂದು ಬಿಟ್ಟು ಒಂದು ಲೆಕ್ಕ. ಭಿನ್ನರಾಶಿಗೆ ಮಾತ್ರ ವಿಡಿಯೋ.

ಆದರೂ ಒಂದು ಕಡೆ ಹೊಲಿಗೆ ಬಿಡುತ್ತಿತ್ತು.

8 + 4 = __ + 5. ಖಾಲಿ ಜಾಗದಲ್ಲಿ ಜೀರುಂಡೆ ಧೈರ್ಯವಾಗಿ ಹನ್ನೆರಡು ಎಂದು ಬರೆದಿದ್ದಳು.

"ಹನ್ನೆರಡು ಹೇಗೆ ಬಂತೇ?"

"ಎಂಟೂ ನಾಲ್ಕೂ ಹನ್ನೆರಡು, ಚಿಕ್ಕಮ್ಮಾ."

"ಪಕ್ಕದಲ್ಲಿ ಐದು ಕೂತಿದೆಯಲ್ಲ?"

"ಅದು ಸುಮ್ನೆ ಕೂತಿದೆ."

"ಈ ಎರಡು ಗೀಟು, ಸಮ ಅಂತ ಇದೆಯಲ್ಲ, ಹಾಗಂದ್ರೇನು?"

"ಉತ್ತರ ಬರಿ ಅಂತ."

ಮೊದಲ ಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಎರಡು ತಟ್ಟೆಯ ತಕ್ಕಡಿ ಇಟ್ಟು ತೋರಿಸಿ.

* * *

ತಕ್ಕಡಿ ರಿಪೇರಿ ಅಂಗಡಿ ಎರಡಾಳು ಅಗಲದ್ದು. ಒಳಗೆ ಕುಳಿತವನಿಗೆ ನಲವತ್ತರ ಹತ್ತಿರ ವಯಸ್ಸು, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಸ್ಕ್ರೂಡ್ರೈವರು.

"ಒಂದು ತಕ್ಕಡಿ ಬೇಕಿತ್ತು. ಹಳೇದಾದ್ರೂ ಪರವಾಗಿಲ್ಲ. ಜೊತೆಗೆ ಒಂದಷ್ಟು ತೂಕದ ಬಟ್ಟು. ಆದ್ರೆ ಅವುಗಳ ಮೇಲೆ ನಂಬರ್ ಇರಬಾರದು."

ಸ್ಕ್ರೂಡ್ರೈವರು ನಿಂತಿತು. "ಇರಬಾರದಾ?"

"ಹೂಂ. ನೋಡಿದವ್ರಿಗೆ ಎಷ್ಟು ತೂಕ ಅಂತ ಗೊತ್ತಾಗಬಾರದು. ನನಗೆ ಮಾತ್ರ ಗೊತ್ತಿರಬೇಕು."

ಅವನು ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು ಆ ನೋಟದಲ್ಲಿ.

"ಮೇಡಂ, ನೋಡೋಕೆ ಮರ್ಯಾದಸ್ಥರ ಹಾಗೆ ಇದೀರಿ. ನಮ್ಮಪ್ಪ ಇದೇ ಸ್ಟೂಲಿನ ಮೇಲೆ ನಲವತ್ತು ವರ್ಷ ಕೂತವ್ರು. ಒಂದು ಕಾಳಿನಷ್ಟು ಮೋಸಕ್ಕೆ ಕೈ ಹಾಕಿದವ್ರಲ್ಲ. ಆ ಥರದ ಕೆಲಸ ಇಲ್ಲಿ ಆಗಲ್ಲ. ಏನು ವ್ಯಾಪಾರ ನಿಮ್ದು? ತರಕಾರೀನಾ?"

ಅವಳ ಮುಖ ಕೆಂಪಾಯಿತು. ಮರುಕ್ಷಣ ನಗು ಒತ್ತಿಕೊಂಡು ಬಂತು.

"ಅಯ್ಯೋ, ಹುಡುಗಿಗೆ ಲೆಕ್ಕ ಹೇಳಿಕೊಡೋಕ್ರೀ! ಬೀಜಗಣಿತಕ್ಕೆ ಮುಂಚೆ ಕಲೀಬೇಕಾದದ್ದು. ಒಂದು ಕಡೆ ಏನಿದೆ ಅಂತ ಗೊತ್ತಿಲ್ಲ, ಅದನ್ನ ಇನ್ನೊಂದು ಕಡೆಯಿಂದ ಕಂಡುಹಿಡೀಬೇಕು. ನಮ್ಮ ಹುಡುಗಿ ಸಮ ಅಂದ್ರೆ ಉತ್ತರ ಬರಿ ಅಂತ ಅಂದ್ಕೊಂಡಿದ್ದಾಳೆ."

"ಉತ್ತರಾನಾ?" ಅವನು ಪಕ್ಕದಲ್ಲಿ ತೂಗುತ್ತಿದ್ದ ತಕ್ಕಡಿಯನ್ನು ಬೆರಳಿನಿಂದ ಮುಟ್ಟಿದ. ಮುಳ್ಳು ಅತ್ತ ಇತ್ತ ಓಲಾಡಿ ನಿಧಾನವಾಗಿ ನೆಟ್ಟಗಾಯಿತು. "ಮುಳ್ಳು ನೆಟ್ಟಗೆ ನಿಂತ್ರೆ ಸಮ. ಇದರಲ್ಲಿ ಉತ್ತರ ಎಲ್ಲಿ ಬಂತು?"

ಮೂರು ಸೆಟ್ಟಿನಲ್ಲಿ ಇಲ್ಲದ್ದನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಹೇಳಿಬಿಟ್ಟನಲ್ಲ ಎಂದು ಅವಳಿಗೆ ಅನ್ನಿಸಿತು. ಅವನ ಬೆರಳುಗಳು ತೆಳ್ಳಗಿದ್ದವು ಎಂಬುದನ್ನೂ ಅವಳು ಗಮನಿಸಿದಳು. ಅದು ಗಣಿತಕ್ಕೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ.

"ಮಾರೋದು ಬೇಡ ಮೇಡಂ. ಕೆಲಸ ಮುಗಿಯೋವರೆಗೆ ಇಟ್ಕೊಳ್ಳಿ. ಗುರುವಾರ ಅಂಗಡಿ ರಜ, ನಾನೇ ಬಂದು ಕೊಕ್ಕೆ ಹಾಕಿಕೊಡ್ತೀನಿ. ಕೊಕ್ಕೆ ಓರೆಯಾದ್ರೆ ನ್ಯಾಯವೂ ಓರೆ."

* * *

ಗುರುವಾರ ಅವನು ಬೀದಿಯಲ್ಲಿ ಮನೆ ಹುಡುಕುತ್ತ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದುದು ಮಹಡಿಯಿಂದ ಕಂಡಿತು.

"ರೀ... ತಕ್ಕಡಿಯವ್ರೇ! ಈ ಕಡೆ!"

ಹಿಂದೆ ನಿಂತಿದ್ದ ಜೀರುಂಡೆ ಕಿಸಕ್ಕೆಂದಳು. "ಚಿಕ್ಕಮ್ಮಾ, 'ರೀ' ಆದ್ಮೇಲೆ ಅಷ್ಟು ಹೊತ್ತು ನಿಲ್ಲಿಸಬೇಡ. ಬರೀ 'ರೀ' ಅಂದ್ರೆ ಗಂಡನ್ನ ಕರೆದ ಹಾಗೆ."

"ತಲೆಹರಟೆ! ಹೋಗಿ ಪೆನ್ಸಿಲ್ ಚೂಪು ಮಾಡು."

ಅವನು ಬರಿಗೈಯಲ್ಲಿ ಬಂದಿರಲಿಲ್ಲ. ಸಣ್ಣ ಡಬ್ಬಿಗಳೊಳಗೆ ಸೀಸದ ಗುಂಡು ತುಂಬಿ, ಮುಚ್ಚಳ ಬೆಸುಗೆ ಹಾಕಿ, ಒಂದರ ಮೇಲೂ ನಂಬರಿಲ್ಲದ ಏಳು ಬಟ್ಟು ಮಾಡಿ ತಂದಿದ್ದ, ಜೊತೆಗೆ ಎಲ್ಲ ಒಂದೇ ತೂಕದ ಹತ್ತಿಪ್ಪತ್ತು ಸಣ್ಣ ಬಟ್ಟು. ಕೊಕ್ಕೆಗೆ ತೂಗುಹಾಕಿದ ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ಡಬ್ಬಿ ಮತ್ತು ಮೂರು ಸಣ್ಣ ಬಟ್ಟು, ಇನ್ನೊಂದರಲ್ಲಿ ಎಂಟು ಸಣ್ಣ ಬಟ್ಟು. ಮುಳ್ಳು ನೆಟ್ಟಗೆ.

"ಡಬ್ಬಿ ಎಷ್ಟಮ್ಮಾ?" ಎಂದು ಕೇಳಿದ ಅವನು.

"ಈ ಕಡೆ ಮೂರು ತೆಗೆದುಬಿಟ್ರೆ..." ಜೀರುಂಡೆ ತೆಗೆದಳು. ತಕ್ಕಡಿ ಧಡಕ್ಕನೆ ವಾಲಿತು. "ಅಯ್ಯೋ!"

"ಒಂದು ಕಡೆಯಿಂದ ಕಿತ್ಕೊಂಡ್ರೆ ಇನ್ನೊಂದು ಕಡೆ ಸುಮ್ನೆ ಇರುತ್ತಾ? ಅಲ್ಲೂ ಅಷ್ಟೇ ತೆಗೀಬೇಕು."

ಅವಳು ಅಲ್ಲೂ ಮೂರು ತೆಗೆದಳು. ಮುಳ್ಳು ನಿಂತಿತು. ಮೂಗಿನಲ್ಲಿ ಗುಂಯ್ ಎಂದು ಶುರುವಾಯಿತು.

ಹಾಗೆ ಆರು ಗುರುವಾರ. ಕೊಕ್ಕೆ ಹಾಕುವುದು ಒಂದೇ ಗುರುವಾರದ ಕೆಲಸ ಎಂಬುದನ್ನು ಯಾರೂ ಎತ್ತಲಿಲ್ಲ. ಅವನು ಬರುವ ದಿನ ಅವಳು ಕಿಟಕಿಯ ಹತ್ತಿರದ ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನು ಎತ್ತಿಡುತ್ತಿದ್ದಳು. ಅವನು ಟೀ ಲೋಟ ಹಿಡಿದು ಅಲ್ಲೇ ಕೂರುತ್ತಿದ್ದ. ಆಡುವ ಮಾತೆಲ್ಲ ಲೆಕ್ಕದ್ದೇ. ಲೋಟ ಖಾಲಿಯಾದ ಮೇಲೂ ಅವನು ಅದನ್ನು ಕೆಳಗಿಡುತ್ತಿರಲಿಲ್ಲ.

ಮನೆಯಲ್ಲಿ ಜೀರುಂಡೆಯ ಒಂದು ಲೆಕ್ಕವೂ ತಪ್ಪುತ್ತಿರಲಿಲ್ಲ. ಹಾಗಾಗಿ ಲೈಬ್ರರಿಯವರು ಮಾದರಿ ಪರೀಕ್ಷೆ ಇಟ್ಟಾಗ ಟೈಲರಮ್ಮ ನಿಶ್ಚಿಂತೆಯಿಂದ ಕಳಿಸಿದಳು. ಇಪ್ಪತ್ತಕ್ಕೆ ಒಂಬತ್ತು ಬಂತು.

* * *

"ಮನೇಲಿ ಎಲ್ಲ ಸರಿ ಮಾಡ್ತಾಳ್ರೀ. ಅಲ್ಲಿ ಹೋಗಿ ಏನಾಯ್ತೋ." ಏಳನೆಯ ಗುರುವಾರ ಅವಳ ದನಿ ಬಾಡಿತ್ತು. "ಇನ್ನು ನಾಲ್ಕೇ ವಾರ. ಹಾಸ್ಟೆಲಿಗೆ ಟ್ರಂಕು ತಗೊಳ್ಳೋದೊಂದು ಬಾಕಿ."

ಅವನು ತಕ್ಕಡಿಯಲ್ಲಿ ಒಂದು ಲೆಕ್ಕ ಇಟ್ಟ. ಜೀರುಂಡೆ, "ಆರು... ಅಲ್ಲ, ಐದು... ಹಾಂ, ಐದು!" ಎಂದಳು. ಸರಿಯೇ. ಅವನು ಹುಡುಗಿಯನ್ನು ಸೈಕಲ್ ಚೀಲದಿಂದ ಸ್ಪ್ಯಾನರ್ ತರಲು ಕೆಳಗೆ ಕಳಿಸಿದ.

"ಮೇಡಂ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಅವಳು ತಕ್ಕಡಿ ನೋಡ್ತಿಲ್ಲ."

"ಮತ್ತೆ?"

"ನಿಮ್ಮ ಹುಬ್ಬು ನೋಡ್ತಾಳೆ. ಉತ್ತರ ಸರಿಯಾಗಿದ್ರೆ ನಿಮ್ಮ ಎಡಗಡೆ ಹುಬ್ಬು ಇಷ್ಟೇ ಇಷ್ಟು ಮೇಲೇಳುತ್ತೆ. ತಪ್ಪಾದ್ರೆ ಎರಡೂ ಹತ್ತಿರ ಬರುತ್ತವೆ. ಆರು ಅಂದಾಗ ಹತ್ತಿರ ಬಂದ್ವು. ಐದು ಅಂದಾಗ ಎದ್ದಿತು. ಪರೀಕ್ಷೆ ಕೋಣೇಲಿ ಅವಳಿಗೆ ಹುಬ್ಬು ಎಲ್ಲಿಂದ ಬರಬೇಕು?"

ಅವಳು ಕೈ ಎತ್ತಿ ಹುಬ್ಬನ್ನು ಮುಚ್ಚಿಕೊಂಡಳು, ಕದ್ದ ಮಾಲನ್ನು ಮುಚ್ಚುವವರ ಹಾಗೆ.

"ಅಂದ್ರೆ ಮೂರು ವರ್ಷ ನಾನು ಕಲಿಸಿದ್ದು ಹುಬ್ಬನ್ನಾ?"

"ಛೇ, ಹಾಗಲ್ಲ. ಲೆಕ್ಕ ಅವಳಿಗೆ ಬರುತ್ತೆ. ಬರುತ್ತೆ ಅನ್ನೋ ಧೈರ್ಯ ಮಾತ್ರ ನಿಮ್ಮ ಮುಖದಲ್ಲಿ ಇಟ್ಟಿದ್ದಾಳೆ. ಅದನ್ನ ವಾಪಸ್ ಕೊಟ್ರೆ ಸಾಕು."

ಅವಳ ಕಣ್ಣು ತುಂಬಿತು. ಒರೆಸಿಕೊಂಡ ಮೇಲೆ ಇನ್ನೊಂದು ವಿಷಯ ಹೊಳೆಯಿತು.

"ಇಷ್ಟು ದಿನ ಜೊತೇಲಿದ್ದು ನನಗೇ ಗೊತ್ತಾಗಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು? ನೀವು ತಕ್ಕಡಿ ನೋಡ್ತಿರಲಿಲ್ವಾ?"

ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟ.

"ತಕ್ಕಡಿ ನಮ್ಮ ಅಂಗಡಿ ತುಂಬಾ ಇದೆ ಮೇಡಂ. ಅದನ್ನ ನೋಡೋಕೆ ಇಷ್ಟು ದೂರ ಬರಬೇಕಾಗಿರಲಿಲ್ಲ."

ಮೆಟ್ಟಿಲ ಮೇಲೆ ಜೀರುಂಡೆಯ ಕಾಲ ಸಪ್ಪಳವಾಯಿತು. ಟೈಲರಮ್ಮ ಗಡಬಡಿಸಿ ಮಿಷನ್ ತುಳಿಯತೊಡಗಿದಳು. ಆಗ ಹೊಲಿದ ಪ್ಯಾಂಟು ಮಾರನೆಯ ದಿನ ವಾಪಸ್ ಬಂತು. "ಕಾಲು ಹೊರಗೆ ಬರೋಕೆ ದಾರಿಯೇ ಬಿಟ್ಟಿಲ್ಲವಲ್ಲಮ್ಮ!" ಎಂದು ಗಿರಾಕಿ ಎತ್ತಿ ತೋರಿಸಿದ. ಎಡಗಾಲಿನ ಬಾಯಿ ಪೂರ್ತಿ ಹೊಲಿದುಹೋಗಿತ್ತು. ಬಿಚ್ಚಲು ಹೋಗಿ ಬಟ್ಟೆಯೂ ಹರಿಯಿತು. ಹೊಸ ಪ್ಯಾಂಟು ಹೊಲಿದುಕೊಡಬೇಕಾಯಿತು.

ಮುಂದಿನ ಗುರುವಾರ ಅವನು ಬಂದಾಗ ಹೊಲಿಗೆ ಮಿಷನ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಅವಳೂ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಇದರಲ್ಲಿ ನನಗೂ ನಷ್ಟಾನೇ," ಎಂದ ಅವನು, ಹುಡುಗಿಗೆ ಕೇಳದಷ್ಟು ಮೆಲ್ಲಗೆ.

"ನೋಡಿ, ಪರೀಕ್ಷೆ ಮುಗಿಯೋವರೆಗೆ ಆ ಮಾತು ಬೇಡ." ಅವಳು ತಿರುಗದೆಯೇ ಹೇಳಿದಳು. "ಈಗ ನನ್ನ ಒಂದು ತಟ್ಟೇಲಿ ಮಗು ಕೂತಿದೆ. ಇನ್ನೊಂದರಲ್ಲಿ ಏನಿಟ್ರೂ ಸರಿಯಾದ ತೂಕ ಕಾಣಲ್ಲ."

"ಆಯ್ತು. ಮುಳ್ಳು ನಿಲ್ಲೋವರೆಗೆ ಕಾಯೋದೇ ನನ್ನ ಕಸುಬು."

ಮೊದಲ ವಾರ ಬೆನ್ನ ಹಿಂದೆ, "ಸರೀನಾ ಚಿಕ್ಕಮ್ಮಾ?" ಎಂದು ಹತ್ತು ಸಲ ಕೇಳಿಸಿತು. "ನನ್ನ ಕೇಳಬೇಡ, ಮುಳ್ಳನ್ನ ಕೇಳು," ಎಂದು ಹತ್ತು ಸಲವೂ ಅವಳು ಗೋಡೆಗೇ ಹೇಳಿದಳು. ಎರಡನೆಯ ವಾರ ಆ ಪ್ರಶ್ನೆ ಎರಡೇ ಸಲ ಬಂತು. ಮೂರನೆಯ ವಾರ ಪ್ರಶ್ನೆ ಬರಲಿಲ್ಲ. ಬರೀ ಗುಂಯ್.

* * *

ಪರೀಕ್ಷೆಯ ದಿನ ಭಾವನೂ ಬಂದಿದ್ದರು. ಲೈಬ್ರರಿಯ ಮೆಟ್ಟಿಲ ಮೇಲೆ ಇಬ್ಬರೂ ಒಂದು ಗಂಟೆ ಕುಳಿತರು. ಮಧ್ಯದಲ್ಲಿ ಬಾಗಿಲ ಸಂದಿಯಿಂದ ಸಣ್ಣಗೆ ಗುಂಯ್ ಎಂದು ಕೇಳಿತು. ಅವಳ ಎಡಗಡೆ ಹುಬ್ಬು ಎದ್ದಿತು. ಭಾವ ಬೀದಿಯ ಕಡೆ ನೋಡುತ್ತಿದ್ದರು, ಹುಬ್ಬನ್ನು ನೋಡುವವರು ಯಾರೂ ಇರಲಿಲ್ಲ.

ಹದಿನೇಳು ಬಂದಿತ್ತು.

ಭಾವ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಪ್ರತಿಯೊಂದು ಸಮ ಚಿಹ್ನೆಯ ನೆತ್ತಿಯ ಮೇಲೂ ಪೆನ್ಸಿಲಿನಿಂದ ಒಂದು ಸಣ್ಣ ನೆಟ್ಟನೆಯ ಗೀಟಿತ್ತು. "ಇದೇನಮ್ಮ ಇದು?"

"ತಕ್ಕಡಿ ಮುಳ್ಳು ಅಪ್ಪಾ. ಅದು ನಿಂತಿದೆಯಾ ಅಂತ ನೋಡ್ಕೊಂಡೇ ಮುಂದಕ್ಕೆ ಹೋಗೋದು."

ಅವರು ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಹೊಲಿಗೆ ಅಲ್ಲ ಅಂದಿದ್ದೆ. ತಪ್ಪಾಯ್ತಮ್ಮ," ಎಂದರು ನಾದಿನಿಗೆ. ಹಾಸ್ಟೆಲಿನ ಮಾತು ಅಲ್ಲಿಗೆ ಮುಗಿಯಿತು.

ಗುರುವಾರ ಅವನು ಬಂದ. ಸುದ್ದಿ ಕೇಳಿ ಜೀರುಂಡೆಯ ಬೆನ್ನು ತಟ್ಟಿದ. ಆಮೇಲೆ ಸ್ಟೂಲು ಹತ್ತಿ ಕೊಕ್ಕೆಯಿಂದ ತಕ್ಕಡಿ ಇಳಿಸಿದ. "ಕೆಲಸ ಮುಗಿಯೋವರೆಗೆ ಅಂತ ಮಾತಾಗಿತ್ತಲ್ಲ." ಏಳು ಡಬ್ಬಿಗಳನ್ನು ಹುಡುಗಿಗೇ ಬಿಟ್ಟು, ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಪರೀಕ್ಷೆ ಮುಗಿಯಿತೆಂದು ನೆನಪಿಸಲೂ ಇಲ್ಲ. ಒತ್ತಾಯದಿಂದ ಮುಳ್ಳನ್ನು ನಿಲ್ಲಿಸುವ ಅಭ್ಯಾಸ ಅವನಿಗಿರಲಿಲ್ಲ.

ಟೈಲರಮ್ಮ ಮಿಷನ್ನನ್ನು ಗೋಡೆಯಿಂದ ಈಚೆಗೆ ತಿರುಗಿಸಿದಳು. ಕಿಟಕಿಯ ಹತ್ತಿರದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಬಟ್ಟೆ ರಾಶಿ ಇಡಲು ಅವಳಿಗೆ ಕೈ ಬರಲಿಲ್ಲ.

"ಚಿಕ್ಕಮ್ಮಾ," ಜೀರುಂಡೆ ಲೆಕ್ಕದಿಂದ ತಲೆಯೆತ್ತದೆ ಅಂದಳು, "ಅವ್ರು ಬೀದಿ ಕೊನೆ ತಲುಪ್ತಾರೆ ಈಗ."

ಅವಳು ಮಹಡಿಯ ಅಂಚಿಗೆ ಓಡಿದಳು.

"ರೀ!"

ಕೆಳಗೆ ತಟ್ಟೆಗಳು ಒಂದಕ್ಕೊಂದು ತಾಗಿ ಝಲ್ಲೆಂದವು. ಅವನು ನಿಂತ. 'ತಕ್ಕಡಿಯವ್ರೇ' ಎಂಬ ಉಳಿದ ಅರ್ಧ ಬರಬಹುದೆಂದು ಕಾದ. ಬರಲಿಲ್ಲ. ಅವನು ನಿಧಾನವಾಗಿ ತಿರುಗಿ ಮೇಲೆ ನೋಡಿದ. ಅವಳು ಎಡಗಡೆ ಹುಬ್ಬನ್ನು ಮುಚ್ಚಿಕೊಳ್ಳಲಿಲ್ಲ.

"ಅರ್ಧ ಬಿಟ್ಟೆ ಚಿಕ್ಕಮ್ಮಾ!" ಒಳಗಿನಿಂದ ಕೂಗು ಬಂತು.

"ಗೊತ್ತು ಕಣೇ. ಬೇಕಂತಲೇ ಬಿಟ್ಟೆ."

ಆ ವರ್ಷ ಅವಳ ಕೈಬಿಟ್ಟದ್ದು ಮೂರು ಸೆಟ್ಟಿನ ದುಡ್ಡು, ಒಂದು ಪ್ಯಾಂಟಿನ ಬಟ್ಟೆ, ಮತ್ತು ಸರಿಯೋ ತಪ್ಪೋ ಎಂದು ಅವಳ ಮುಖ ನೋಡುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಮಗು ಮನೆಯಲ್ಲೇ ಉಳಿಯಿತು. ಗಂಡ ಸಿಕ್ಕಿದ.