ಮಾನ್ವಿಯ ಖಾಲಿ ಕಾಲಂಗಳು

ಮಾನ್ವಿಯ ಕ್ಲಿನಿಕ್ಕಿನಿಂದ ಬಂದ ಹತ್ತೊಂಬತ್ತು ಫಾರಂಗಳಲ್ಲೂ ಕೊನೆಯ ಮೂರು ಕಾಲಂ ಖಾಲಿ. ಕೆಳಗಿನ ಸಹಿ ಮಾತ್ರ ಮುದ್ದಾಗಿತ್ತು: ಅಂಬರೀಶ.

ಉಮಾಶ್ರೀಗೆ ಸಿಟ್ಟು ಬಂತು. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ಒಂದೇ ಥರ ಬರೆಸುವ ಕೆಲಸ ಅವಳದು. ಊರಿಗೊಂದು ರೀತಿ ಬರೆದರೆ, ಆಪರೇಷನ್ ಆದ ಮೇಲೆ ಯಾರು ಹೇಗಿದ್ದಾರೆಂದು ರಾಯಚೂರಿನ ಡಾಕ್ಟರಿಗೆ ತಿಳಿಯುವುದೇ ಇಲ್ಲ. ಮರುದಿನವೇ ಮಾನ್ವಿ ಬಸ್ಸು ಹತ್ತಿದಳು.

ನರ್ಸ್ ಅಂಬರೀಶ ಎದ್ದು ಕುರ್ಚಿ ಎಳೆದ. “ಬರ್ರಿ ಮೇಡಂ. ಚಹಾ ಕುಡೀರಿ, ಆಮ್ಯಾಲ ಬೈರಿ.”

ಉಕ್ಕಿದ ನಗುವನ್ನು ಅವಳು ನುಂಗಿಕೊಂಡಳು. “ಮೊದಲ ಬೈತೀನ್ರಿ. ಯಾಕ ಕೇಳಿಲ್ಲ?”

“ಕೇಳೀನ್ರಿ. ಯಾರೂ ಬಾಯಿ ಬಿಡಂಗಿಲ್ಲ. ನೀವ ಕೇಳಿ ನೋಡ್ರಿ.”

ಬೆಂಚಿನ ಮೇಲೆ, ಆಪರೇಷನ್ ಆಗಿದ್ದ ಕುರಿಗಾರ ಯಮನೂರಪ್ಪ ಹೆಂಡತಿ ಮಾರೆಮ್ಮನ ಜೊತೆ ಕೂತಿದ್ದ. ಉಮಾಶ್ರೀ ಖಾಲಿ ಕಾಲಂನ ಪ್ರಶ್ನೆ ಓದಿದಳು: “ಮೂತ್ರ ನಿಯಂತ್ರಣದಲ್ಲಿ ತೊಂದರೆ ಇದೆಯೇ?”

ಮುದುಕ ನೆಲ ನೋಡಿದ. “ಏನಿಲ್ಲವ್ವ. ಆರಾಮ ಅದೀನಿ.”

ಅಂಬರೀಶ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ. “ಯಪ್ಪಾ, ಕೆಮ್ಮಿದಾಗ, ಎದ್ದು ನಿಂತಾಗ ಧೋತ್ರ ಒದ್ದಿ ಆಗ್ತದೇನು?”

ಮುದುಕ ಹೆಂಡತಿಯತ್ತ ಒಮ್ಮೆ ನೋಡಿ ಹೇಳಿದ: “ಆಗ್ತದಪ್ಪ. ಅದಕ್ಕ ನಾಕು ಮಂದ್ಯಾಗ ಹೋಗೋದು ಬಿಟ್ಟೀನಿ.”

“ನನಗ್ಯಾಕ ಹೇಳಲಿಲ್ಲ?” ಎಂದು ಮಾರೆಮ್ಮ ಮೆಲ್ಲಗೆ ಅವನ ಕೈ ಹಿಡಿದಳು.

ಉಮಾಶ್ರೀಯ ಕಣ್ಣುಗಳು ಒದ್ದೆಯಾದವು. “ಹಿಂಗ ಮೊದಲ ಯಾಕ ಕೇಳಲಿಲ್ರಿ?”

“ಒಂದಕ್ಷರ ಬದಲಿ ಮಾಡಬ್ಯಾಡ್ರಿ ಅಂತ ಕಾಗದ ಕಳಿಸಿದವರು ನೀವಲ್ಲೇನ್ರಿ?”

“ಹಂಗಾದ್ರ ಅಕ್ಷರಾನ ಬದಲಿ ಮಾಡೂಣು. ಆದ್ರ ಮೂರೂ ಊರಾಗ ಅದ ಮಾತು ಇರಬೇಕು.”

ಮುಂದಿನ ಮೂರು ತಿಂಗಳ ಶನಿವಾರಗಳೆಲ್ಲ ಅದಕ್ಕೇ ಹೋದವು. ಅವಳು ಬರೆಯುವಾಗ ಅಂಬರೀಶ ಅವಳ ಹಣೆಯ ಮೇಲಿನ ಕೂದಲನ್ನೇ ನೋಡುತ್ತ ಮಾತು ಮರೆಯುತ್ತಿದ್ದ. “ಪ್ರಶ್ನಿ ಕಾಗದದಾಗ ಅದ ರೀ” ಎಂದು ಅವಳು ತಲೆಯೆತ್ತದೆ ಹೇಳುವಳು. ‘ಇದು ಆಫೀಸಿನ ಭಾಷೆಯಲ್ಲ’ ಎಂದು ಮೇಲಿನವರು ಎರಡು ಸಲ ಫಾರಂ ಹಿಂದಿರುಗಿಸಿದರು. ಮೂರನೆಯ ಸಲ ಅವಳು ಹಳೆಯ ಖಾಲಿ ಫಾರಂಗಳನ್ನೂ ಹೊಸ ಮಾತಿನಲ್ಲಿ ಕೇಳಿ ತುಂಬಿದ ಫಾರಂಗಳನ್ನೂ ಅವರ ಮೇಜಿನ ಮೇಲೆ ಒಟ್ಟಿಗೆ ಇಟ್ಟಳು. ಒಪ್ಪಿಗೆ ಸಿಕ್ಕಿತು.

ದೇವದುರ್ಗದಲ್ಲೂ ಹೊಸ ಫಾರಂ ಶುರುವಾದ ದಿನ ಇಬ್ಬರೂ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಅವನದು ಮಾನ್ವಿ ಬಸ್ಸು, ಅವಳದು ರಾಯಚೂರಿನದು. ಇನ್ನು ಆ ಶನಿವಾರಗಳಿಲ್ಲ. ಅವನು ಬಸ್ಸಿನ ಮೆಟ್ಟಿಲೇರಿದಾಗ ಅವಳು ಕರೆದಳು.

“ಅಂಬರೀಶ, ನಿಮ್ಮನ್ನ ಮದುವಿ ಆಗಬೇಕಂತ ನಾ ಮನಸು ಮಾಡೀನಿ. ನಿಮ್ಮ ಮನಸಿನ್ಯಾಗ ಏನದ?”

ಅವನ ಮುಖ ಕಿವಿಯವರೆಗೆ ಕೆಂಪೇರಿತು. “ಒಳಗರ ಹೋಗ್ರಿ, ಇಲ್ಲ ಇಳೀರಿ” ಎಂದ ಕಂಡಕ್ಟರ್.

ಅಂಬರೀಶ ಇಳಿದ.

“ಇದನ್ನ ಹ್ಯಾಂಗ ಕೇಳಬೇಕಂತ ತಿಳೀಲಾರದ ಮೂರು ತಿಂಗಳಿಂದ ಒದ್ದಾಡಾಕತ್ತೀನ್ರಿ. ನಡೀರಿ, ರಾಯಚೂರಿಗೆ. ನಿಮ್ಮ ಅವ್ವಾರನ್ನ ಇವತ್ತ ಕೇಳ್ತೀನಿ.”